ಕಲ್ಲಿನ ಮ್ಯಾಲೆ ಬರದ್ರ ರಿವೈಜ್ ಮಾಡೂದು ಹ್ಯಾಂಗ್ರಿ?

ಮನಗೂಳಿ ಕ್ರಾಸಿನ ಚಹಾದಂಗಡಿಯ ಬಾಕಿನ ಮೇಲೆ ಕೆಂಪು ಲಾಡಿ ಕಟ್ಟಿಕೊಂಡು ಕುಳಿತಿದ್ದ ಕಡತವನ್ನು ನಾನು ಮೊದಲು ಗುರುತಿಸಲೇ ಇಲ್ಲ. ಹೊಟ್ಟೆ ಅಷ್ಟು ಬಂದಿತ್ತು. ಲಾಡಿ ಇನ್ನೇನು ಹರಿಯುತ್ತದೆ ಅನ್ನುವ ಹಾಗಿತ್ತು. 2012ರಲ್ಲಿ ಇದೇ ಕಡತ ತೆಳ್ಳಗೆ, ಬೆಳ್ಳಗೆ, ಮದುವೆಗೆ ನಿಂತ ಹುಡುಗನಂತಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆ ಮೂರನೇ ಹಂತದ ಅಂದಾಜು ಪಟ್ಟಿ. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಎಸ್ಟಿಮೇಟ್ ಸಾಹೇಬರು ಅನ್ನುತ್ತಾರೆ.

ಸಾಹೇಬರು ಈಗ ವೆಚ್ಚದ ಎಂಜಿನಿಯರುಗಳ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ. ವೆಚ್ಚದ ಎಂಜಿನಿಯರ್ ಎಂದರೆ ಕಟ್ಟುವ ಮೊದಲು ಎಷ್ಟಾಗುತ್ತದೆ ಎಂದು ಹೇಳುವವನು, ಕಟ್ಟಿದ ಮೇಲೆ ಅಷ್ಟಕ್ಕೇ ಯಾಕೆ ಆಗಲಿಲ್ಲ ಎಂದು ಹೇಳುವವನೂ ಅವನೇ. ಅಮೆರಿಕದಲ್ಲಿ ಇವರದೊಂದು ಸಂಘ 1956ರಿಂದಲೇ ಇದೆ. ನಮ್ಮ ಕಡೆ ಸಂಘ ಇರಲಿ ಬಿಡಲಿ, ಅಧ್ಯಕ್ಷರಾಗುವವರಿಗೆ ಬರವಿಲ್ಲ. ಎರಡು ಕಪ್ ಚಹಾ, ಒಂದು ಪ್ಲೇಟ್ ಮಿರ್ಚಿ ಹೇಳಿ ಮಾತಿಗೆ ಕೂತೆ.

ನಾನು: ಸಾಹೇಬರ, ಅಧ್ಯಕ್ಷಗಿರಿ ಯಾಕ ಬೇಕಾತ್ರಿ?

ಸಾಹೇಬರು: ಅನುಭವ ನೋಡ್ರಿ, ಅನುಭವ. 2012ರಾಗ 17,207 ಕೋಟಿ ಇದ್ದೆ. 2014-15ರ ದರಪಟ್ಟಿ ಹಚ್ಚಿದ್ರು, 51,148 ಕೋಟಿ ಆದೆ. ಈಗ 87 ಸಾವಿರ ಕೋಟಿ ದಾಟೀನಿ. ಕುಂತ ಜಾಗಾ ಬಿಟ್ಟು ಎದ್ದಿಲ್ಲ. ಹಿಂಗ ಕುಂತಲ್ಲೇ ಬೆಳದವ್ರು ಈ ರಾಜ್ಯದಾಗ ಇನ್ನೊಬ್ರು ಇದ್ರ ತೋರಸ್ರಿ.

ನಾನು: ಅಮೆರಿಕದ ಆ ಸಂಘದವರು ಅಂದಾಜಿಗೆ ಐದು ಕ್ಲಾಸು ಮಾಡ್ಯಾರಂತ. ಒಂದನೇ ಕ್ಲಾಸು ಭಾಳ ಕರಾರುವಾಕ್ಕು, ಐದನೇದು ಬರೇ ಗಾಳಿಗುಂಡು. ಆ ಗಾಳಿಗುಂಡಿಗೂ ಮ್ಯಾಲಿನ ಮಿತಿ ನೂರು ಪರ್ಸೆಂಟ್ ಅಂತ ಐತಿ. ನೀವು ನಾಕನೂರು ದಾಟೀರಿ.

ಸಾಹೇಬರು: ಅದಕ್ಕ ಹೇಳೂದು, ಆ ಸಂಘಕ್ಕ ಹೊಸಾ ನಾಯಕತ್ವ ಬೇಕು ಅಂತ. ಆರನೇ ಕ್ಲಾಸ್ ತಗೀತೀನಿ. ನನ್ನ ಪ್ರಣಾಳಿಕಿಯೊಳಗ ಐತಿ. ‘ಹೆಚ್ಚುವರಿ ವೆಚ್ಚ’ ಅನ್ನೂ ಶಬ್ದ ಬಂದ್. ‘ಬೆಳವಣಿಗಿ’ ಅನಬೇಕು.

ನಾನು: ಮನೆತನದಾಗ ಎಲ್ಲಾರೂ ಹಿಂಗ ಬೆಳದವ್ರೇನ?

ಸಾಹೇಬರು: ನಮ್ಮ ಮುತ್ತಜ್ಜ 1963ರಾಗ ಬರೇ 58 ಕೋಟಿ ಇದ್ದ. ಪಾಪ, ಧೋತರ ಉಟ್ಕೊಂಡು ಓಡ್ಯಾಡತಿದ್ದ. ಮರುವರ್ಷ ಮೇ 22ಕ್ಕ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಬಂದು ಅಡಿಗಲ್ಲು ಇಟ್ರು. ಡ್ಯಾಮ್ ದೇಶಕ್ಕ ಅರ್ಪಿಸಿದ್ದು ಅಬ್ದುಲ್ ಕಲಾಂ ಅವರು, 2006ರ ಆಗಸ್ಟ್ 21ಕ್ಕ. ನಡಬರಕ 42 ವರ್ಷ. ಜಲಾಶಯಕ್ಕ ಶಾಸ್ತ್ರಿಯವರ ಹೆಸರ ಇಟ್ರು, ಭಾಳ ಚೊಲೊ ಆತು. ಆದ್ರ ನಮ್ಮ ಮುತ್ತಜ್ಜನ ಹೆಸರ ಎಲ್ಲೆರ ಐತೇನ್ರಿ?

ಇದು ಸಾಹೇಬರ ಹಳೆಯ ನೋವು. ಇಲ್ಲಿಗೆ ಬಂದರೆ ಅವರನ್ನು ಹಿಡಿಯುವುದು ಕಷ್ಟ. ಮಿರ್ಚಿ ತಣ್ಣಗಾಯಿತು.

ಸಾಹೇಬರು: ಯಾವ ಊರಿಗೆ ಬೇಕಾದ್ರ ಹೋಗ್ರಿ, ಗುದ್ದಲಿ ಪೂಜಾದ ಕಲ್ಲ ನೋಡ್ರಿ. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಬರೇ ಉಪಸ್ಥಿತಿ. ಬಾರದೇ ಇದ್ದವ್ರ ಹೆಸರೂ ಇರ್ತಾವ. ಆ ಕೆಲಸಕ್ಕ ಲೀಡು, ಲಿಫ್ಟು, ಮುರಮು, ಮಣ್ಣು ಎಲ್ಲಾ ಲೆಕ್ಕ ಹಾಕಿ ರಾತ್ರಿ ನಿದ್ದಿ ಬಿಟ್ಟವ್ರು ಯಾರು? ನಾವು. ಕಲ್ಲಿನ ಮ್ಯಾಲೆ ನಮಗ ಒಂದ ಗೇಣು ಜಾಗಾ ಇಲ್ಲ.

ನಾನು: ಇದ ಮಾತು ನಾನು ಇಪ್ಪತ್ತು ವರ್ಷದಿಂದ ಹೇಳಾಕತ್ತೀನ್ರಿ! ಇಬ್ರಾಹಿಂ ರೋಜಾ ನೋಡೀರಿಲ್ಲೋ?

(ಓದುಗರು ಕ್ಷಮಿಸಬೇಕು. ಸಂದರ್ಶನ ಮಾಡಲು ಹೋದವನು ತಾನೇ ಭಾಷಣ ಮಾಡಬಾರದು ಎಂಬುದು ಗೊತ್ತು. ಆದರೆ ವಿಜಯಪುರದವನ ಮುಂದೆ ಕಲ್ಲಿನ ಮಾತು ತೆಗೆದರೆ ಇನ್ನೇನಾಗುತ್ತದೆ? ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆ ಗೋರಿಯ ಬಾಗಿಲ ಮೇಲೆ ಪಾರಸಿ ಬರಹವಿದೆ. ಕೆಲಸ ಮಾಡಿಸಿದವನು ಮಲಿಕ್ ಸಂದಲ್, ಆಜ್ಞೆ ರಾಣಿ ತಾಜ್ ಸುಲ್ತಾನಳದು. ಖರ್ಚು ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900. ಆ 900ಕ್ಕೆ ನಾನು ಮನಸೋತವನು. ಒಂದೂವರೆ ಲಕ್ಷ ಎಂದು ಬರೆದು ಸುಮ್ಮನಿದ್ದರೆ ಕೇಳುವವರು ಯಾರಿದ್ದರು? ಬಾದಶಹಾನೇ ಒಳಗೆ ಮಲಗಿದ್ದಾನೆ. ಆದರೂ ಬರೆದರು. ಲೆಕ್ಕ ಹಾಕಿದರೆ ನೂರಕ್ಕೆ ಒಂದೂ ಇಲ್ಲ, 0.6.)

ಸಾಹೇಬರು: ನೋಡೀನಿ ಬಿಡ್ರಿ. ಛಂದ ಐತಿ. ಆದ್ರ ಅದು ಹಳೇ ಪದ್ಧತಿ. ಕಲ್ಲಿನ ಮ್ಯಾಲೆ ಬರದ್ರ ರಿವೈಜ್ ಮಾಡೂದು ಹ್ಯಾಂಗ್ರಿ?

ನಾನು: ಈಗರ ಹೆಸರ ಕಲ್ಲಿನ ಮ್ಯಾಲೆ ಬೇಕು ಅಂದ್ರೆಲ್ಲ?

ಸಾಹೇಬರು: ಹೆಸರ ಬೇಕು. ಅಂಕಿ ಬ್ಯಾಡ.

ನಾನು: ಇಲ್ಲೇ ಮನಗೂಳ್ಯಾಗ 1161ರ ಶಾಸನ ಐತಿ. ಫ್ಲೀಟ್ ಸಾಹೇಬ ಓದಿ ಅಚ್ಚು ಹಾಕ್ಸಿದ. ಅದರಾಗ ಬರೂ ಬಸವ ನಮ್ಮ ಬಸವಣ್ಣನೋ ಬ್ಯಾರೆಯವನೋ ಅಂತ ಪಂಡಿತರು ಇನ್ನೂ ಜಗಳಾಡತಾರ, ಅದು ಇರ್ಲಿ. ಆ ಕಾಲಕ್ಕ ದತ್ತಿ ಕೊಟ್ರ ಕಲ್ಲಿಗೆ ಹಾಕತಿದ್ರು. ಎಂಟನೂರು ವರ್ಷ ಆದ್ರೂ ಯಾರೂ ರಿವೈಜ್ ಮಾಡಿಲ್ಲ. ಹಂಗಾರ ನೀವು ಅಧ್ಯಕ್ಷರಾದ್ರ ಪ್ರತಿ ಕಾಮಗಾರಿಗೂ ಅಂದಾಜು ಎಷ್ಟು, ಕಡೀಕ ಆದದ್ದೆಷ್ಟು, ಎರಡೂ ಕಲ್ಲಿನ ಮ್ಯಾಲೆ...

ಸಾಹೇಬರು: ಚಹಾ ಆರಾಕತ್ತಾವ ನೋಡ್ರಿ.

ನಮ್ಮ ಓಣಿಯ ಗಟಾರಿನ ಸುದ್ದಿಯನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಅಗೆದವರು ಯಾರು ಎಂಬುದು ಬೇಡ. ತಗಡಿನ ಫಲಕ ಒಂದು ನಿಲ್ಲಿಸಿ ಹೋದರು. ‘ಅಂದಾಜು ಮೊತ್ತ’ದ ಮುಂದೆ ಅಂಕಿ ಇದೆ. ‘ಕಾಮಗಾರಿ ಮುಗಿದ ದಿನಾಂಕ’ದ ಮುಂದೆ ಏನೂ ಇಲ್ಲ. ‘ತಗುಲಿದ ವೆಚ್ಚ’ ಎಂಬ ಸಾಲೇ ಇಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಣ್ಣ ಹೋಗಿ ಅಂದಾಜೂ ಅಳಿಸಿತು. ಈಗ ಆ ತಗಡು ಎದುರು ಮನೆಯವರ ಕೋಳಿಗೂಡಿನ ಬಾಗಿಲಾಗಿದೆ. ಅಷ್ಟರ ಮಟ್ಟಿಗೆ ಅದು ಪೂರ್ಣಗೊಂಡ ಕಾಮಗಾರಿ.

ನಾನು: ಪರ್ಸೆಂಟೇಜಿನ ಬಗ್ಗೆ ಏನ ಹೇಳ್ತೀರಿ? 2021ರಾಗ ಗುತ್ತಿಗೆದಾರರ ಸಂಘದವ್ರು ಪ್ರಧಾನಿಗೆ ಪತ್ರ ಬರದು 40 ಪರ್ಸೆಂಟ್ ಕಮಿಷನ್ ಅಂದ್ರು. ಆ 40 ನಿಮ್ಮ ಯಾವ ಪುಟದಾಗ ಬರ್ತೈತ್ರಿ?

ಸಾಹೇಬರು: ಅದು ಬ್ಯಾರೆ ಸಂಘದ ವಿಷಯ. ನಾನು ನಿಂತಿದ್ದು ಈ ಸಂಘಕ್ಕ. ಕಲ್ಲಿನ ಮಾತು ಹೇಳಾಕತ್ತಿದ್ದೆ ನಾನು. ಘನ ಉಪಸ್ಥಿತಿ ಅಂತ ಯಾರ್‍ಯಾರದೋ...

ನಾನು: 1999ರ ಪಾರದರ್ಶಕ ಕಾಯ್ದೆ, ಟೆಂಡರು, 4(ಜಿ) ವಿನಾಯಿತಿ...

ಸಾಹೇಬರು: ಘನ ಉಪಸ್ಥಿತಿ ಅಂದೆ.

ನಾನು: ಹೋಗ್ಲಿ. 17 ಸಾವಿರ ಕೋಟಿ 87 ಸಾವಿರ ಆತಲ್ಲ, ಯಾಕ? ಇದೊಂದಕ್ಕರ ನೆಟ್ಟಗ ಉತ್ತರಾ ಹೇಳ್ರಿ.

ಸಾಹೇಬರು: ಅದು ನಮ್ಮ ತಪ್ಪಲ್ರಿ. ಹೊಲದವ್ರು. ಭೂಮಿ ರೇಟು ಮುಗಲಿಗೆ ಹೋತು. 2025ರ ಸೆಪ್ಟೆಂಬರ್ 16ಕ್ಕ ಸಂಪುಟ ಸಭಾ ಕೂತು ಮುಳುಗೂ ನೀರಾವರಿ ಜಮೀನಿಗೆ ಎಕರೆಕ್ಕ 40 ಲಕ್ಷ, ಒಣ ಬೇಸಾಯಕ್ಕ 30 ಲಕ್ಷ ಅಂತ ಮಾಡ್ತು. ಎಕರೆ ಎಷ್ಟು ಗೊತ್ತೇನು? 75,563. ರೈತರು ಆಸೆಬುರುಕರಾಗ್ಯಾರ್ರಿ.

ಇಲ್ಲಿ ನನಗೆ ನಗು ಬರಲಿಲ್ಲ. ನಿಮಗೂ ಬರಬಾರದು.

ರೇಟು ಏರಿಸಿದ್ದು ಹೊಲದವನಲ್ಲ, ತಡ ಮಾಡಿದವರು. ಈ ಮೂರನೇ ಹಂತಕ್ಕೆ ಬೇಕಾದಂತೆ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಎಂದು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಹೇಳಿದ್ದು 2010ರ ಡಿಸೆಂಬರ್ 30ರಂದು. ಆಮೇಲೆ ಆಂಧ್ರದ ತಕರಾರು, ಸುಪ್ರೀಂ ಕೋರ್ಟು, ಮಹಾರಾಷ್ಟ್ರದ ಪ್ರವಾಹದ ಭಯ, ದಿಲ್ಲಿಯಲ್ಲಿ ಹೊರಬೀಳದ ಗೆಜೆಟ್ಟು. ಈ ಹದಿನೈದು ವರ್ಷ ಹಿನ್ನೀರಿನ ದಂಡೆಯ ಊರುಗಳ ತಲೆಯ ಮೇಲೆ ನಾಲ್ಕೂವರೆ ಮೀಟರ್ ನೀರು ತೂಗಿದೆ. ಬರಲೂ ಇಲ್ಲ, ಬರುವುದಿಲ್ಲ ಎಂದು ಯಾರೂ ಹೇಳಲೂ ಇಲ್ಲ. ಗೋಡೆ ಬಿರುಕು ಬಿಟ್ಟರೆ ಗಿಲಾಯಿ ಮಾಡಿಸಬೇಕೋ ಬೇಡವೋ? ಬೋರು ಹೊಡೆಸಬೇಕೋ ಬೇಡವೋ? ದ್ರಾಕ್ಷಿ ಹಚ್ಚಿದರೆ ಫಲ ಕಾಣುತ್ತೇವೋ ಇಲ್ಲವೋ? ಮಗನಿಗೆ ಹೆಣ್ಣು ಕೇಳಲು ಹೋದರೆ ಬೀಗರಾಗುವವರು ಹೊಲ ಎಷ್ಟಿದೆ ಎಂದು ಕೇಳುವುದಿಲ್ಲ, ನಿಮ್ಮ ಊರು ಎಷ್ಟನೇ ಮೀಟರಿನಲ್ಲಿದೆ ಎಂದು ಕೇಳುತ್ತಾರೆ. ಗುತ್ತಿಗೆದಾರನ ಸಿಮೆಂಟು, ಕಬ್ಬಿಣ, ಡೀಸೆಲ್ಲು ತುಟ್ಟಿಯಾದರೆ ಅದನ್ನು ತುಂಬಿಕೊಡುವ ಕಲಮು ಕರಾರಿನಲ್ಲೇ ಇರುತ್ತದೆ. ಅಧಿಸೂಚನೆಗೂ ಮೊದಲು ಹದಿನೈದು ವರ್ಷ ಕಾದವನಿಗೆ ಯಾವ ಕಲಮೂ ಇಲ್ಲ. ಅವನ ಕಾಯುವಿಕೆಗೆ ದರಪಟ್ಟಿಯಲ್ಲಿ ಐಟಂ ನಂಬರ್ ಇಲ್ಲ, ಎಂ.ಬಿ. ಪುಸ್ತಕದಲ್ಲಿ ಅಳತೆ ಇಲ್ಲ. ಹಳೆಯ ಬಾಗಲಕೋಟೆಯ ಒಂದು ಪಾಲನ್ನು ಒಮ್ಮೆ ಮುಳುಗಿಸಿ ನವನಗರಕ್ಕೆ ಕಳಿಸಿದ ಮೇಲೂ ನಾವು ಕಲಿತದ್ದು ಇಷ್ಟೇ: ಮೊದಲು ತಡ ಮಾಡುವುದು, ತಡದ ಖರ್ಚನ್ನು ಅಂದಾಜಿಗೆ ಸೇರಿಸುವುದು, ಕೊನೆಗೆ ಅದು ರೈತನ ಆಸೆಬುರುಕತನ ಎಂದು ಷರಾ ಬರೆಯುವುದು. ಅವನಿಗೆ ಸಿಗಬೇಕಾದ ರೊಕ್ಕವನ್ನೇ ಅವನ ಮೇಲಿನ ಆರೋಪ ಮಾಡುವ ಈ ವಿದ್ಯೆ ಯಾವ ಎಂಜಿನಿಯರಿಂಗ್ ಕಾಲೇಜಿನದು?

ಇದಿಷ್ಟನ್ನೂ ಸಾಹೇಬರ ಮುಂದೆ ಹೇಳಿದೆ. ಚಹಾದಂಗಡಿಯವನು ಸ್ಟೋವಿನ ಉರಿ ಸಣ್ಣ ಮಾಡಿ ನಿಂತ. ಸಾಹೇಬರು ಒಂದೆರಡು ಪುಟ ಅತ್ತಿತ್ತ ತಿರುವಿದರು.

ಸಾಹೇಬರು: ಅದು ಪುನರ್ವಸತಿ ವಿಭಾಗಕ್ಕ ಬರ್ತೈತ್ರಿ. ನಾನು ಬರೇ ಅಂಕಿ.

ನಾನು: ಅಂಕಿ ಅಧ್ಯಕ್ಷ ಆಗಬೇಕು ಅಂತಾದ್ರ ಅಂಕಿ ಉತ್ತರಾ ಕೊಡಬೇಕಲ್ರಿ.

ಸಾಹೇಬರು: ನೀವು ಪೇಪರಿನವ್ರು ಭಾವನಾತ್ಮಕ ಆಗ್ತೀರಿ. ಎದುರಾಳಿ ಯಾರು ಅಂತ ಕೇಳೇ ಇಲ್ಲ ನೀವು.

ನಾನು: ಯಾರು?

ಸಾಹೇಬರು: ಯಾರೂ ಇಲ್ಲ. ‘ತಗುಲಿದ ವೆಚ್ಚ’ ಅರ್ಜಿ ಹಾಕಾವ್ರಿದ್ರು. ಕಾಮಗಾರಿ ಮುಗಿದ ಪ್ರಮಾಣಪತ್ರ ಇಲ್ಲ ಅಂತ ನಾಮಪತ್ರ ತಿರಸ್ಕಾರ ಆತು.

ಹೀಗೆಂದು ಸಾಹೇಬರು ಲಾಡಿ ಬಿಗಿ ಮಾಡಿಕೊಂಡು ಎದ್ದರು. ಬೆಂಗಳೂರಿಗೆ ಹೋಗಬೇಕಂತೆ, ಹೊಸ ದರಪಟ್ಟಿ ಬರುತ್ತಿದೆಯಂತೆ. ಹೋಗುವಾಗ ಬಾಕಿನ ಕಾಲು ಕಿರ್ರೆಂದಿತು.

ಮತದಾರ ಎಂಜಿನಿಯರ್ ಬಾಂಧವರಲ್ಲಿ ಒಂದು ಅರಿಕೆ. ಅವಿರೋಧ ಆಯ್ಕೆಯ ಹಾರ ಹಾಕುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ವಿಜಯಪುರಕ್ಕೆ ಬನ್ನಿ. ಇಬ್ರಾಹಿಂ ರೋಜಾದಲ್ಲಿ ಆ ಬಾಗಿಲ ಕೆಳಗೆ ನಿಂತು ತಲೆ ಎತ್ತಿ ನೋಡಿ. ಪಾರಸಿ ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ, ಆ 900 ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ.