ಬೊಕ್ಕಸದ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ

(ಕೊಲಂಬೊ, 2019ರ ಕೊನೆ. ಹಣಕಾಸು ಮಂತ್ರಿಗಳ ಕೋಣೆ.)

ಮಂತ್ರಿ: ಚುನಾವಣೆಯಲ್ಲಿ ಮಾತು ಕೊಟ್ಟಾಗಿದೆ. ವ್ಯಾಟ್ ಶೇ 15 ಇದ್ದದ್ದು 8 ಆಗಲಿ.

ಕಾರ್ಯದರ್ಶಿ: ಬೊಕ್ಕಸಕ್ಕೆ ಏನು ಗತಿ ಸಾರ್?

ಮಂತ್ರಿ: ಜನ ಖರ್ಚು ಮಾಡ್ತಾರೆ, ವ್ಯಾಪಾರ ಬೆಳೆಯುತ್ತೆ, ತೆರಿಗೆ ತಾನಾಗಿ ಹುಡುಕಿಕೊಂಡು ಬರುತ್ತೆ.

ಕಾರ್ಯದರ್ಶಿ: ಅಲ್ಲಿತನಕ ನೌಕರರ ಸಂಬಳ?

ಮಂತ್ರಿ: ನೋಟು ಅಚ್ಚು ಹಾಕಿಸ್ರೀ.

ಕಾರ್ಯದರ್ಶಿ: ರೂಪಾಯಿ ಎಷ್ಟು ಬೇಕಾದರೂ ಹಾಕಿಸಬಹುದು ಸಾರ್. ಸಾಲ ಇರೋದು ಡಾಲರಿನಲ್ಲಿ.

ಮಂತ್ರಿ: ನಿಮ್ಮ ಬಾಯಲ್ಲಿ ಒಳ್ಳೆ ಮಾತೇ ಬರಲ್ಲ!

(2021. ಕೋವಿಡ್‌ನಿಂದ ಪ್ರವಾಸಿಗರಿಲ್ಲ, ಡಾಲರೂ ಇಲ್ಲ. ಮಂತ್ರಿಗಳ ಉತ್ಸಾಹಕ್ಕೆ ಮಾತ್ರ ಸೋಂಕು ತಗುಲಿಲ್ಲ.)

ಮಂತ್ರಿ: ರಾಸಾಯನಿಕ ಗೊಬ್ಬರದ ಆಮದು ಬಂದ್! ಇಡೀ ದೇಶ ಸಾವಯವ.

ಕಾರ್ಯದರ್ಶಿ: ರಾತ್ರೋರಾತ್ರಿಯಾ? ಭತ್ತ ಕೈಕೊಟ್ಟರೆ ಗೊಬ್ಬರದಲ್ಲಿ ಉಳಿಸಿದ ಡಾಲರು ಅಕ್ಕಿ ಆಮದಿಗೆ ಹೋಗುತ್ತೆ.

ಮಂತ್ರಿ: ಅಕ್ಕಿ ನಮ್ಮ ಖಾತೆ ಅಲ್ಲ.

(ಏಪ್ರಿಲ್ 2022. ಕರೆಂಟಿಲ್ಲ, ಪೆಟ್ರೋಲಿಗೆ ಸಾಲು. ಮಂತ್ರಿ ಹೊಸಬರು, ಕಾರ್ಯದರ್ಶಿ ಅವರೇ.)

ಹೊಸ ಮಂತ್ರಿ: ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಹೇಳಬೇಕು. ಸ್ವಲ್ಪ ನಾಜೂಕಾಗಿ ಬರೀರಿ.

ಕಾರ್ಯದರ್ಶಿ: ‘ತಾತ್ಕಾಲಿಕ ಸ್ಥಗಿತ’ ಅಂದಿದ್ದೀನಿ ಸಾರ್.

ಹೊಸ ಮಂತ್ರಿ: ಭೇಷ್! ಐಎಂಎಫ್ ಏನು ಕೇಳಬಹುದು?

ಕಾರ್ಯದರ್ಶಿ: ವ್ಯಾಟ್ ಏರಿಸಿ ಅನ್ನುತ್ತೆ.

ಹೊಸ ಮಂತ್ರಿ: ಮತ್ತೆ 15ಕ್ಕಾ?

ಕಾರ್ಯದರ್ಶಿ: ಅಸಲು ಅಷ್ಟು ಸಾರ್. ಬಡ್ಡಿ ಬೇರೆ.

(ಕಾರ್ಯದರ್ಶಿ ಪಾತ್ರ ಕಲ್ಪನೆ, ಲೆಕ್ಕ ಕಲ್ಪನೆಯಲ್ಲ. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತು. ಶ್ರೀಲಂಕಾಕ್ಕೆ ಅದು 17ನೇ ಸಲ. 2024ರ ಜನವರಿಯಿಂದ ಅಲ್ಲಿ ವ್ಯಾಟ್ ಶೇ 18.)