ಬಾಯಿಗೆ ಕೈ ಅಡ್ಡವಿಟ್ಟ ಗಾಯಕ

ಬೆಂಗಳೂರಿನ ಯಾವುದೇ ಬಡಾವಣೆಯ ದರ್ಶಿನಿಯ ಮುಂದೆ ಇವನು ಸಿಗುತ್ತಾನೆ. ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಬೈಟು ಕಾಫಿ. "ಹೊಸ ಟ್ಯೂನ್ ಮಾಡಿದೀನಿ ಸಾರ್" ಅನ್ನುತ್ತಾನೆ. ಆಚೀಚೆ ನೋಡಿ, ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಪಲ್ಲವಿಯ ಅರ್ಧ ಮಾತ್ರ ಗುನುಗುತ್ತಾನೆ. ಇನ್ನರ್ಧ ಹಾಡುವುದಿಲ್ಲ. ಅಲ್ಲಿ ಇಡ್ಲಿ ತಿನ್ನುತ್ತಿರುವವರಲ್ಲಿ ಯಾರು ಕದ್ದುಬಿಡುತ್ತಾರೋ!

ಕಳ್ಳರ ಭಯ ಇವನಿಗೆ ವಿಪರೀತ. ಒಮ್ಮೆ ಹಾಡನ್ನು ಪೆನ್‌ಡ್ರೈವಿಗೆ ಹಾಕಿ, ಲಕೋಟೆಗೆ ಅರಗು ಒತ್ತಿ, ತನ್ನ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿಕೊಂಡ. ಒಡೆಯದ ಲಕೋಟೆಯೇ ಕಾಪಿರೈಟ್ ಅಂತ ಯಾರೋ ಹೇಳಿದ್ದರಂತೆ. ಮಗನಿಗೆ ಕೆಲಸದ ಆರ್ಡರ್ ಬಂತೆಂದು ಅವನಮ್ಮ ದೇವರ ಮುಂದಿಟ್ಟು ಒಡೆದುಬಿಟ್ಟರು. "ಹಾಡು ರೆಕಾರ್ಡ್ ಆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತೆ ಕಣಪ್ಪ. ನೋಂದಣಿ ಮಾಡಿಸಿದರೆ ಸಾಕ್ಷಿಗೆ ಒಳ್ಳೇದು, ಕಡ್ಡಾಯವೇನಲ್ಲ" ಎಂದೆ. ಇವರಿಗ್ಯಾಕೆ ಇಷ್ಟು ಗೊತ್ತು ಎಂಬಂತೆ ನನ್ನನ್ನೇ ನೋಡಿದ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಮೂವತ್ತು ವರ್ಷ ಪತ್ರ ಬರೆದವನು ನಾನು. ಅನುಮಾನ ನನಗೆ ಹೊಸದಲ್ಲ.

ಮೊದಲ ಹಾಡಿಗೆ ಸಾಹಿತ್ಯ ರೂಂಮೇಟನದು, ಕೀಬೋರ್ಡು ಇನ್ನೊಬ್ಬ ಗೆಳೆಯನದು. "ಯಾರಿಗೆಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ರೋ" ಎಂದಿದ್ದೆ. "ನಮ್ ಹುಡುಗ್ರೇ ಸಾರ್, ಪೇಪರ್ ಎಲ್ಲ ಯಾಕೆ?" ರೀಲ್ಸ್‌ನಲ್ಲಿ ಹಾಡು ಓಡಿತು. ಈಗ ಮೂವರೂ ಮೂರು ದರ್ಶಿನಿಗೆ ಹೋಗಿ ಒಬ್ಬೊಬ್ಬರೇ ಫುಲ್ ಕಾಫಿ ಕುಡಿಯುತ್ತಾರೆ.

ಇನ್ನೊಮ್ಮೆ ಬೇಂದ್ರೆಯವರ ಕವನಕ್ಕೆ ರ‍್ಯಾಪ್ ಸೇರಿಸಲು ಹೊರಟಿದ್ದ. "ಬೇಂದ್ರೆ ಅಜ್ಜ ಎಲ್ಲರಿಗೂ ಸೇರಿದೋರು ಸಾರ್." ಅಜ್ಜ ಎಲ್ಲರಿಗೂ ಸೇರಿದವರೇ, ಕವನದ ಹಕ್ಕು ಮಾತ್ರ ವಾರಸುದಾರರಿಗೆ ಸೇರಿದ್ದು. ಅವರು ತೀರಿಕೊಂಡದ್ದು 1981ರಲ್ಲಿ. ಅಲ್ಲಿಂದ 60 ವರ್ಷ, ಅಂದರೆ 2041 ಮುಗಿಯುವವರೆಗೆ ಕೇಳಿಯೇ ಬಳಸಬೇಕು. ಪುರಂದರದಾಸರಾದರೆ ಯಾರನ್ನೂ ಕೇಳಬೇಕಿಲ್ಲ ಎಂದೆ. ದಾಸರಲ್ಲಿ ಬೀಟ್ ಕೂರಲ್ಲ ಅಂದ.

ಇಷ್ಟು ಹುಷಾರಿನವನು, ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ನಿಲ್ಲುವವನು, ಆಡಿಯೊ ಕಂಪನಿಯೊಂದರಲ್ಲಿ ಹನ್ನೆರಡು ಪುಟದ ಅಗ್ರಿಮೆಂಟಿಗೆ ಮೂರು ನಿಮಿಷದಲ್ಲಿ ಸಹಿ ಹಾಕಿ ಬಂದ.

"ಓದಿದೆಯಾ?"

"ಇಂಗ್ಲಿಷಲ್ಲಿತ್ತು ಸಾರ್. ಕಾಫಿ ಕೊಟ್ರು, ಫುಲ್ಲು."

ಅವನ ಹತ್ತಿರ ಪ್ರತಿ ಇರಲಿಲ್ಲ; ಸಹಿ ಹಾಕುವಾಗ ತೆಗೆಸಿಕೊಂಡ ಫೋಟೊ ಇತ್ತು. ಹಿಗ್ಗಿಸಿ ಓದಿದೆ. ಬರವಣಿಗೆಯ ಕಸುಬಿನವನಾಗಿ ಹೇಳುತ್ತೇನೆ, ಚೊಕ್ಕ ಪತ್ರ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಅನ್ನುತ್ತದೆ 1957ರ ಕಾಪಿರೈಟ್ ಕಾಯಿದೆ. ವಕೀಲರು ಎರಡನ್ನೂ ಮರೆತಿರಲಿಲ್ಲ. ಹಕ್ಕು ಇರುವಷ್ಟು ಕಾಲಕ್ಕೂ, ಸಮಸ್ತ ಬ್ರಹ್ಮಾಂಡಕ್ಕೂ ಎಂದು ಬರೆದಿದ್ದರು. ಹೊಲದ ಪತ್ರದಲ್ಲಿ ಚಕ್ಕುಬಂದಿ ಬರೆದು ಬರೆದು ಕೈ ಸವೆಸಿದವನು ನಾನು. ಬ್ರಹ್ಮಾಂಡಕ್ಕೆ ಪೂರ್ವಕ್ಕೆ ಯಾರ ಜಮೀನು ಅಂತ ತೋರಿಸುವುದು?

ಆದರೂ ಪೂರಾ ಮುಳುಗಿಲ್ಲ. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲು ಬಿಟ್ಟುಕೊಟ್ಟೆವೆಂದು ಕಂಪನಿಗೆ ಬರೆದುಕೊಟ್ಟರೂ ಆ ಮಾತು ಕಾನೂನಿನಲ್ಲಿ ನಿಲ್ಲದು. ಆದರೆ ದುಡ್ಡು ತಾನಾಗಿ ಮನೆಗೆ ನಡೆದು ಬರುವುದಿಲ್ಲವಲ್ಲ. "ರಾಯಧನ ವಸೂಲು ಮಾಡಿಕೊಡೋ ಸಂಘಗಳಿವೆ. ರಾಗ ಹಾಕಿದ್ದಕ್ಕೆ ಐಪಿಆರ್‌ಎಸ್ ಸದಸ್ಯನಾಗು, ಹಾಡಿದ್ದಕ್ಕೆ ಇಸಾಮ್ರಾ ಇದೆ, ಮೊದಲು ಇಸ್ರಾ ಅಂತಿತ್ತು" ಎಂದೆ.

"ಐಪಿಎಸ್‌ನೋರ ಸಹವಾಸ ಬೇಡ ಸಾರ್. ಇಸ್ರೋದಲ್ಲಿ ನಮಗ್ಯಾರು ಗೊತ್ತು?"

ಇಸ್ರೋ ಬೇಕಾಗಬಹುದು ಕಣೋ, ಬ್ರಹ್ಮಾಂಡ ಬರೆದುಕೊಟ್ಟಿದ್ದೀಯಲ್ಲ ಎಂದುಕೊಂಡೆ, ಅನ್ನಲಿಲ್ಲ.

ಹೋದ ತಿಂಗಳು ಅಕ್ಕನ ಮದುವೆಯಲ್ಲಿ ಕಂಪನಿಗೆ ಬರೆದುಕೊಟ್ಟ ಹಾಡಿನ ರೆಕಾರ್ಡನ್ನೇ ಹಾಕಿ, ಮೈಕ್ ಹಿಡಿದು ಕುಣಿದು, ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದ್ದಾನೆ. ಮರುಕ್ಷಣವೇ ಕಂಪನಿಯ ಹೆಸರಲ್ಲಿ ಕಾಪಿರೈಟ್ ಕ್ಲೇಮು. ಬೆಳಿಗ್ಗೆ ಫೋನ್ ಹಿಡಿದುಕೊಂಡು ಓಡಿ ಬಂದ.

"ನನ್ ಹಾಡು ನಾನೇ ಕದ್ದಿದೀನಂತೆ ಸಾರ್!"

ಸ್ವಲ್ಪ ಹೊತ್ತು ಮಂಕಾಗಿ ಕೂತ. ಕಾಫಿ ಒಳಗೆ ಹೋದ ಮೇಲೆ ಮುಖ ಅರಳಿತು. ಹೊಸ ಕಂಪನಿಯವರು ಕರೆದಿದ್ದಾರಂತೆ, ಹನ್ನೊಂದಕ್ಕೆ ಹೋಗಬೇಕಂತೆ. ಟ್ಯೂನ್ ಕೇಳಿಸುತ್ತೇನೆಂದು ಬಾಯಿಗೆ ಕೈ ಅಡ್ಡ ತಂದ. ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದರು, ಅಲ್ಲಿಗೇ ನಿಲ್ಲಿಸಿದ.

ಎದ್ದವನು ಜೇಬು ತಡಕಿಕೊಂಡ. "ಸಾರ್, ನಿಮ್ ಹತ್ರ ಪೆನ್ ಇದ್ಯಾ?"