ಸರ್‌ಗ ಲೆಕ್ಕ, ಅಮ್ಮಾರಿಗೆ ಕಥೆ

ಬಸ್ಸು ತುಂಬ ಜನ ಹೋಗುವ ಪ್ರವಾಸದಲ್ಲಿ ಗೈಡಿಗೆ ಒಂದು ಸುಖವಿದೆ. ಇದ್ದ ನಲವತ್ತು ಮಂದಿಯಲ್ಲಿ ಕೆಲವರು ತೂಕಡಿಸುತ್ತಿರುತ್ತಾರೆ, ಕೆಲವರು ಸೆಲ್ಫಿಯಲ್ಲಿ ಮುಳುಗಿರುತ್ತಾರೆ, ಮಿಕ್ಕವರು ಶೌಚಾಲಯ ಎಲ್ಲಿದೆ ಎಂದು ಅತ್ತಿತ್ತ ನೋಡುತ್ತಿರುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ನಾಲ್ಕು ಜನ ಮುಂದೆ ನಿಂತರೆ ಸಾಕು, ಗೈಡಿನ ದಿನ ಸಲೀಸು. ಕಾರು, ಡ್ರೈವರು, ಗೈಡು ಎಲ್ಲ ತಮಗೇ ಎಂದು ದುಡ್ಡು ಕಟ್ಟಿ ಬಂದವರ ಮುಂದೆ ಈ ಆಟ ನಡೆಯದು. ಅಲ್ಲಿ ಇತಿಹಾಸವನ್ನೂ ದೋಸೆಯ ಹಾಗೆ ಆರ್ಡರು ಕೇಳಿಯೇ ಹುಯ್ಯಬೇಕು: ಒಬ್ಬರಿಗೆ ಖಾರ ಮುಂದಿರಬೇಕು, ಇನ್ನೊಬ್ಬರಿಗೆ ಈರುಳ್ಳಿ ಬೇಡ.

ವಿಜಯಪುರದ ಗೈಡ್ ಒಬ್ಬರ ಪಾಲಿಗೆ ಅಂಥದೊಂದು ಜೋಡಿ ಬಂತು. ಯಜಮಾನರು ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ನಿವೃತ್ತಿ ಆದದ್ದು ಶಾಲೆಯಿಂದ, ಲೆಕ್ಕದಿಂದಲ್ಲ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದನ್ನು ತಿದ್ದದೆ ಬಿಡುವುದು ಅವರಿಂದ ಆಗದು. ಅವರ ಹೆಂಡತಿಗೆ ಸಂಖ್ಯೆಗಳನ್ನು ಕೇಳಿ ಕೇಳಿ ಮದುವೆಯಾದ ಮೊದಲ ವರ್ಷವೇ ಸಾಕಾಗಿದೆ. ಅವರಿಗೆ ಬೇಕಾದ್ದು ಕಥೆ, ಅದರಲ್ಲೂ ಕಣ್ಣಂಚು ಒದ್ದೆಯಾಗುವಂಥದ್ದು. ಅಮೆರಿಕದಲ್ಲಿರುವ ಮಗಳು ಉಡುಗೊರೆಯೆಂದು ಇಬ್ಬರಿಗೂ ಸೇರಿಸಿ ಒಂದು ಪ್ಯಾಕೇಜ್ ಮಾಡಿಸಿದ್ದಳು: ಮೊದಲ ದಿನ ವಿಜಯಪುರ, ಮರುದಿನ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯನ್ನು ಎರಡು ಹಗಲಿನಲ್ಲಿ ಮುಗಿಸುವ ಈ ಧೈರ್ಯ ಪ್ಯಾಕೇಜು ಮಾಡುವವರಿಗೆ ಮಾತ್ರ ಬರುತ್ತದೆ.

ಗೋಲಗುಮ್ಮಟದ ಮುಂದೆ ಗೈಡು ಗಂಟಲು ಸರಿಮಾಡಿಕೊಂಡರು. "ನೋಡ್ರಿ ಸರ, ಜಗತ್ತಿನ್ಯಾಗ ಎರಡನೇ ದೊಡ್ಡ ಗುಮ್ಮಟ ಇದು."

"ಮೊದಲನೇದು ಯಾವುದು?"

"ರೋಮಿಂದ್ರಿ. ಸೇಂಟ್ ಪೀಟರ್ಸ್."

"ಒಳವ್ಯಾಸವೋ, ಹೊರವ್ಯಾಸವೋ?"

ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಗುಮ್ಮಟದ ಹೊರವ್ಯಾಸ 44 ಮೀಟರ್, ಒಳಗಿನದು ಸುಮಾರು 38. ಸೇಂಟ್ ಪೀಟರ್ಸ್‌ನ ಒಳವ್ಯಾಸವೇ 41 ದಾಟುತ್ತದೆ. ಅದೇ ರೋಮಿನಲ್ಲಿ ಎರಡನೇ ಶತಮಾನದಲ್ಲಿ ಕಟ್ಟಿದ ಪ್ಯಾಂಥಿಯಾನಿನದು 43. ಫ್ಲಾರೆನ್ಸಿನ ಕೆಥೆಡ್ರಲ್ಲನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ಇದನ್ನೆಲ್ಲ ಮೇಷ್ಟ್ರು ಟಿಕೆಟಿನ ಹಿಂಭಾಗದಲ್ಲಿ ಬರೆದು ತೋರಿಸಿದಾಗ ಗೈಡು ತಮ್ಮ ಎರಡನೇ ಸ್ಥಾನವನ್ನು "ಭಾಳ ದೊಡ್ಡದು" ಎಂಬಲ್ಲಿಗೆ ಇಳಿಸಿದರು.

ನಿಜ ಹೇಳಬೇಕೆಂದರೆ ಈ ಕಟ್ಟಡಕ್ಕೆ ಸ್ಥಾನಮಾನದ ಹಂಗೇ ಬೇಕಿಲ್ಲ. ಒಳಗೆ ಹೋಗಿ ಕತ್ತೆತ್ತಿದರೆ ಅಷ್ಟು ದೊಡ್ಡ ಹಜಾರದ ನಡುವೆ ಒಂದು ಕಂಬವಿಲ್ಲ. ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಮೇಲೇರುತ್ತವೆ. ಅವು ಒಳಕ್ಕೆ ಬಾಗಿ ನಿಂತಿರುವುದರಿಂದ, ಹೊರಕ್ಕೆ ತಳ್ಳುವ ಗುಮ್ಮಟದ ಭಾರಕ್ಕೆ ಅವುಗಳ ಭಾರವೇ ಎದುರು ನಿಲ್ಲುತ್ತದೆ. ರೇಖಾಗಣಿತವನ್ನು ಕರಿಹಲಗೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡಿರದ ಮೇಷ್ಟ್ರು ಬಾಯಿ ತೆರೆದು ನಿಂತರು. ಹೆಂಡತಿಗೆ ಆ ಮೌನವೇ ದಿನದ ಮೊದಲ ಅದ್ಭುತವಾಗಿ ಕಂಡಿತು.

ಅವರ ಪಾಲಿನ ಕಥೆ ಕೆಳಗಿನ ಕಟ್ಟೆಯ ಮೇಲಿತ್ತು. ಅಲ್ಲಿ ಕಾಣುವವು ಗೋರಿಯ ಗುರುತುಗಳಷ್ಟೇ, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್ ಶಾನ ಸಾಲಿನಲ್ಲೇ ನರ್ತಕಿ ರಂಭೆಯದೆಂದು ಹೇಳುವ ಗೋರಿಯೂ ಇದೆ. "ಪ್ರೀತಿ ಖರೇ ಇದ್ರ ಮ್ಯಾಲಿಂದ ಜಿಗಿ ಅಂದ್ನಂತ್ರಿ ಸುಲ್ತಾನ. ಆಕಿ ಜಿಗದಬಿಟ್ಲು ನೋಡ್ರಿ ಅಮ್ಮಾರ." ಅಮ್ಮಾರು ಸೆರಗಿನ ತುದಿ ಹುಡುಕಿದರು. ಮೇಷ್ಟ್ರು "ಎಷ್ಟು ಎತ್ತರದಿಂದ?" ಎಂದರು. ಎತ್ತರವನ್ನು ಎರಡರಿಂದ ಗುಣಿಸಿ, ಗುರುತ್ವದಿಂದ ಭಾಗಿಸಿ, ವರ್ಗಮೂಲ ತೆಗೆಯುವುದರೊಳಗೆ ಹೆಂಡತಿಯ ನೋಟ ಅವರನ್ನು ತಲುಪಿತು.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆ ಸೇರಿದರೆ, ಪಿಸುಗುಟ್ಟುವವರು ಯಾರೂ ಇರುವುದಿಲ್ಲ. ಯಾವುದಾದರೂ ಶಾಲೆಯ ಮಕ್ಕಳು ಬಂದೇ ಇರುತ್ತಾರೆ, ಬಂದವರು ಕೂಗಿಯೇ ತೀರುತ್ತಾರೆ. ಸದ್ದು ಏಳು ಸಲ ಮರುಕಳಿಸುತ್ತದೆಂದು ಗೈಡುಗಳ ಅಂಬೋಣ, ಹುರುಪು ಬಂದರೆ ಹತ್ತು. ಮೇಷ್ಟ್ರು ಎಣಿಸಲು ಸಿದ್ಧರಾದರು. ಅತ್ತ ಗೋಡೆಗೆ ಹೋಗಿ ಬರಲು 76 ಮೀಟರ್, ಸದ್ದಿನ ವೇಗ ಸೆಕೆಂಡಿಗೆ 340, ಅಂದರೆ ಕಾಲು ಸೆಕೆಂಡೂ ಹಿಡಿಯದು. ಅಷ್ಟರಲ್ಲಿ ನೂರು ಮಕ್ಕಳ "ಓ" ಒಂದರ ಮೇಲೊಂದು ಬಿದ್ದು ಯಾವ ಪ್ರತಿಧ್ವನಿ ಯಾರದ್ದೆಂದು ತಿಳಿಯದಾಯಿತು. ಮಕ್ಕಳು ಇಳಿದ ಮೇಲೆ ಸಿಕ್ಕ ಅರೆಗಳಿಗೆಯಲ್ಲಿ ಗೈಡು ಅಮ್ಮಾರನ್ನು ಎದುರುಗಡೆಯ ಗೋಡೆಗೆ ಕಿವಿಯಿಟ್ಟು ಕೂರಿಸಿ ಬಂದು, "ಏನರೆ ಹೇಳ್ರಿ ಸರ, ಮೆಲ್ಲಕ" ಎಂದರು. ಗೋಡೆಯ ಮಹಿಮೆ ಇನ್ನೂ ಪೂರ್ತಿ ನಂಬದ ಮೇಷ್ಟ್ರು ಗೋಡೆಯ ಕಡೆಗೇ ಮುಖ ಮಾಡಿ, ಬೆಳಿಗ್ಗೆ ಹೋಟೆಲಿನಲ್ಲಿ ತಿಂದ ಶಿರಾ ಎಷ್ಟು ಚೆನ್ನಾಗಿತ್ತೆಂದರೆ ಎರಡನೇ ಪ್ಲೇಟು ತರಿಸಬೇಕಾಯಿತು ಎಂದು ಗೈಡಿಗೆ ಹೇಳಿದರು. 38 ಮೀಟರ್ ಆಚೆಯಿಂದ ಸ್ಪಷ್ಟವಾದ ಮೈಸೂರು ಕನ್ನಡದಲ್ಲಿ ಉತ್ತರ ಬಂತು: "ಶುಗರ್ ಮಾತ್ರೆ ತಗೊಂಡ್ರಾ?"

ಮಧ್ಯಾಹ್ನ ಬಾರಾಕಮಾನಿನಲ್ಲಿ ಗೈಡಿನ ದೊಡ್ಡ ಕಥೆಯೊಂದು ನೆಲಕಚ್ಚಿತು. ಅಪ್ಪನ ಗೋಲಗುಮ್ಮಟವನ್ನು ಮೀರಿಸಬೇಕೆಂದು ಎರಡನೇ ಅಲಿ ಆದಿಲ್ ಶಾ ಶುರುಮಾಡಿದ ಗೋರಿ ಅದು. ಕಮಾನುಗಳು ಎದ್ದವು, ಮೇಲಿನದು ಬರಲೇ ಇಲ್ಲ. "ಇದರ ನೆರಳು ಗುಮ್ಮಟದ ಮ್ಯಾಲ ಬೀಳತೈತಿ ಅಂತ ಅಪ್ಪನ ಮಗನ್ನ ಕೊಲ್ಲಿಸಿದ್ನಂತ್ರಿ."

"ಅಪ್ಪ ಸತ್ತಿದ್ದು ಯಾವಾಗ ಅಂದ್ರಿ?"

"1656ರಾಗ."

"ಮಗ?"

"1672..." ಎನ್ನುತ್ತ ಗೈಡಿನ ದನಿ ತಗ್ಗಿತು.

"ಹದಿನಾರು ವರ್ಷದ ಹಿಂದೆ ಹೂತುಹೋದವನು ಕೊಲೆ ಮಾಡಿಸಿದನೇನಪ್ಪ?"

"ಮಂದಿ ಹಂಗ ಅಂತಾರ್ರಿ ಸರ" ಎಂದು ಗೈಡು ಜವಾಬ್ದಾರಿಯನ್ನು ಊರಿಗೆ ಹಂಚಿದರು. ಕಥೆ ಮುರಿದದ್ದು ಸಹಿಸದ ಅಮ್ಮಾರು "ಆತ್ಮ ಅಂತ ಒಂದಿರುತ್ತಲ್ಲ" ಎಂದು ಅವರ ಬೆಂಬಲಕ್ಕೆ ನಿಂತರು. ಅಲಿಯ ಕಾಲಕ್ಕೆ ಒಂದು ಕಡೆಯಿಂದ ಶಿವಾಜಿ, ಇನ್ನೊಂದು ಕಡೆಯಿಂದ ಮೊಘಲರು ರಾಜ್ಯವನ್ನು ಜಗ್ಗುತ್ತಿದ್ದರು. ಅವನು ಸತ್ತ ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ಬಂದು ವಿಜಯಪುರವನ್ನೇ ಹಿಡಿದ. ಗುಮ್ಮಟ ಏಳದಿರಲು ಅಪ್ಪನ ಹೊಟ್ಟೆಕಿಚ್ಚು ಬೇಕಿರಲಿಲ್ಲ. ಆದರೆ ಖಾಲಿ ಖಜಾನೆಯ ಕಥೆ ಕೇಳಿ ಅಳುವವರು ಯಾರು?

ಗೈಡು ಬುದ್ಧಿವಂತರು. ಆಮೇಲೆ ಪ್ರತಿ ಜಾಗದಲ್ಲೂ ಮಾತನ್ನು ಎರಡು ಪಾಲು ಮಾಡತೊಡಗಿದರು: "ಇದು ಸರ್‌ಗ, ಇದು ಅಮ್ಮಾರಿಗೆ." ಮಲಿಕ್-ಎ-ಮೈದಾನ್ ತೋಪಿನ ಮುಂದೆ ಸರ್‌ಗೆ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅಮ್ಮಾರಿಗೆ, ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದನಂತೆ. ಇಬ್ಬರಿಗೂ ಸೇರಿ ಒಂದು: 1854ರಲ್ಲಿ ಬ್ರಿಟಿಷರು ಇದನ್ನು 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ಹರಾಜು ರದ್ದು ಮಾಡಿದರು. "ನಮ್ಮನೆ ಹಳೇ ಹಂಡೆಗೇ ಗುಜರಿಯವನು ಅದಕ್ಕಿಂತ ಜಾಸ್ತಿ ಕೊಟ್ಟ" ಎಂದು ಅಮ್ಮಾರು ಮೊದಲ ಬಾರಿಗೆ ಲೆಕ್ಕದಲ್ಲಿ ಪಾಲ್ಗೊಂಡರು. ಇಬ್ರಾಹಿಂ ರೋಜಾದಲ್ಲಿ, ಇದನ್ನು ನೋಡಿಯೇ ತಾಜಮಹಲು ಕಟ್ಟಿದರಂತೆ ಎಂಬ ಮಾತು ಬಂತು. ಅಲ್ಲಿ ಮಲಗಿರುವ ಸುಲ್ತಾನ ಇಬ್ರಾಹಿಂ ಸತ್ತದ್ದು 1627, ತಾಜಿನ ಕೆಲಸ ಶುರುವಾದದ್ದು 1632. "ಇದು ಆಗಬಹುದು, ಆಗಲೇಬೇಕೆಂದಿಲ್ಲ" ಎಂದು ಮೇಷ್ಟ್ರು ಪಾಸು ಮಾಡಿದರು.

ಬಾದಾಮಿಯ ಬೆಳಗು ಕೋತಿಗಳ ವಶದಲ್ಲಿತ್ತು. ಅಮ್ಮಾರ ಕೈಯ ಬಾಳೆಹಣ್ಣಿನ ಚೀಲ ಮೊದಲ ಗುಹೆ ತಲುಪುವ ಮುಂಚೆಯೇ ಬಂಡೆ ಹತ್ತಿತು. ಹದಿನೆಂಟು ತೋಳಿನ ನಟರಾಜನ ಎದುರು ಗೈಡು ಎಡಗೈಗಳನ್ನೂ ಬಲಗೈಗಳನ್ನೂ ಜೋಡಿಸಿ 81 ಭಂಗಿ ಎಂದರು. ಒಂಬತ್ತೊಂಬತ್ತಲ ಎಂಬತ್ತೊಂದು, ಮೇಷ್ಟ್ರು ಖುಷಿಯಾದರು. ಒಂದೇ ತಲೆ ಆನೆಗೂ ಎತ್ತಿಗೂ ಆಗುವ ಕೆತ್ತನೆಯನ್ನು ಗೈಡು ಅಂಗೈಯಿಂದ ಒಂದೊಂದು ಮೈ ಮುಚ್ಚಿ ತೋರಿಸಿದಾಗ ಇಬ್ಬರೂ ಒಟ್ಟಿಗೆ "ಆಹಾ" ಎಂದರು. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ, ಕ್ರಿ.ಶ. 578. ಕೆಳಗೆ ಅಗಸ್ತ್ಯ ತೀರ್ಥದ ನೀರು, ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು.

ಐಹೊಳೆಯ ದುರ್ಗದ ಗುಡಿಗೆಂದು ಅಮ್ಮಾರು ಮೈಸೂರಿನಿಂದಲೇ ಕುಂಕುಮ, ಹಸಿರು ಬಳೆ ತಂದಿದ್ದರು. ಅದು ಕೋಟೆಯ ಪಕ್ಕದ ಗುಡಿ, ದುರ್ಗಾದೇವಿಯದಲ್ಲ ಎಂದು ತಿಳಿದು ಅರೆಕ್ಷಣ ಪೆಚ್ಚಾದರು. ಪ್ರದಕ್ಷಿಣೆಯ ಕಂಬಸಾಲಿನಲ್ಲಿ ಮಹಿಷಮರ್ದಿನಿಯ ಶಿಲ್ಪ ಸಿಕ್ಕಿತು, ಕೈ ಮುಗಿದರು, ಬಳೆ ವಾಪಸ್ ಚೀಲಕ್ಕೆ ಹೋಯಿತು. ಲಾಡ್ ಖಾನ್ ಗುಡಿಯ ಹೆಸರು ಹಿಂದೊಮ್ಮೆ ಅದರೊಳಗೆ ವಾಸವಿದ್ದವನದು ಎಂದಾಗ ಮಾತ್ರ ಗಾಬರಿಯಾದರು. ಮೈಸೂರಿನ ಮನೆಯ ಮಹಡಿಯಲ್ಲಿ ಅವರಿಗೂ ಒಬ್ಬ ಬಾಡಿಗೆಯವನಿದ್ದಾನೆ.

ಪ್ಯಾಕೇಜಿನ ಹಾಳೆಯಲ್ಲಿ ಮೇಗುತಿ ಇರಲಿಲ್ಲ. ಗುಡ್ಡದ ಮೇಲಿನ ಜೈನ ಬಸದಿ, ಹತ್ತಬೇಕು, ಬಿಸಿಲು ಬೇರೆ. ಮೇಷ್ಟ್ರು ಹಟ ಹಿಡಿದರು. ಡ್ರೈವರು ಗಡಿಯಾರ ನೋಡಿ, "ಪಟ್ಟದಕಲ್ಲ ಬಾಗಲಾ ಹಾಕ್ತಾರ್ರಿ" ಎಂದು ಬೆದರಿಸಿದ. ಅಮ್ಮಾರು ಬೇವಿನ ನೆರಳಿನಲ್ಲಿ ರೊಟ್ಟಿ, ಎಣ್ಣೆಗಾಯಿಯ ಬುತ್ತಿ ಬಿಚ್ಚಿ, "ನೀವು ಹೋಗಿ ಬನ್ನಿ" ಎಂದರು.

ಮೇಲೆ ಪೂರ್ವದ ಗೋಡೆಯ ಮೇಲೆ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹಾಡುವ ಈ ಕವಿ, ತಾನು ಕಾಳಿದಾಸ, ಭಾರವಿಗಳಷ್ಟೇ ಕೀರ್ತಿವಂತ ಎಂದೂ ಸಂಕೋಚವಿಲ್ಲದೆ ಕೆತ್ತಿಸಿದ್ದಾನೆ. ಗೈಡು ಕಥೆಯ ಕಡೆ ಹೋಗದೆ ಕಾಲದ ಸಾಲಿಗೆ ಬೆರಳಿಟ್ಟರು. ಪುಸ್ತಕ ನೋಡಲಿಲ್ಲ, ತಡವರಿಸಲಿಲ್ಲ. ಭಾರತ ಯುದ್ಧದಿಂದ ಈಚೆಗೆ ಮೂವತ್ತು, ಮೂರು ಸಾವಿರ, ಏಳುನೂರು ಮತ್ತು ಐದು ವರ್ಷ. ಶಕರಾಜರ ಕಾಲದಿಂದ ಐವತ್ತು, ಆರು ಮತ್ತು ಐನೂರು. ಕವಿ ತಾರೀಖು ಕೊಟ್ಟಿಲ್ಲ, ಕೂಡುವ ಲೆಕ್ಕ ಕೊಟ್ಟಿದ್ದಾನೆ!

ಮೇಷ್ಟ್ರು ಅಲ್ಲೇ ಕಲ್ಲಿನ ಮೇಲೆ ಕುಳಿತು ಕೂಡಿದರು. 3735. 556. ಶಕಕ್ಕೆ 78 ಸೇರಿಸಿದರೆ 634. ಭಾರತ ಯುದ್ಧದ ಲೆಕ್ಕವೆಂದರೆ ಕಲಿಯುಗದ ಲೆಕ್ಕ, ಅದು ಶುರುವಾದದ್ದು ಕ್ರಿ.ಪೂ. 3102 ಎಂಬುದು ಸಂಪ್ರದಾಯ. ನಡುವೆ ಸೊನ್ನೆಯ ವರ್ಷವಿಲ್ಲ, ಆದ್ದರಿಂದ 3735ರಲ್ಲಿ 3101 ಕಳೆಯಬೇಕು. ಮತ್ತೆ 634. ಎರಡು ದಾರಿಯಲ್ಲಿ ಮಾಡಿ ತಾಳೆ ನೋಡು ಎಂದು ಅವರು ತಲೆಮಾರುಗಟ್ಟಲೆ ಹುಡುಗರಿಗೆ ಬೈದು ಹೇಳಿದ್ದನ್ನು ಏಳನೇ ಶತಮಾನದಲ್ಲೇ ಒಬ್ಬ ಕಲ್ಲಿನಲ್ಲಿ ಮಾಡಿಟ್ಟಿದ್ದ. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರೆ, ಗೈಡು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ, "ಎಂ.ಎ. ಹಿಸ್ಟರಿ ಅದೀನ್ರಿ ಸರ. ಬಂದವ್ರು ಯಾರೂ ಮ್ಯಾಲ ಹತ್ತೂದುಲ್ಲ. ಕೆಳಗ ನಿಂತು ರಂಭಾನ್ನ ಜಿಗಸ್ರಿ ಅಂತಾರ" ಎಂದರು.

ಪಟ್ಟದಕಲ್ಲು ಮುಟ್ಟಿದಾಗ ಕಾವಲುಗಾರನ ಸೀಟಿ ಶುರುವಾಗಿತ್ತು. ವಿಶ್ವಪರಂಪರೆಯ ತಾಣಕ್ಕೆ ಸಿಕ್ಕದ್ದು ಅರ್ಧ ತಾಸು. ಗೈಡು ವಿರೂಪಾಕ್ಷ ಗುಡಿಯ ಮುಂದೆ ನಿಂತು ಅಭ್ಯಾಸದಂತೆ "ಇದು ಸರ್‌ಗ" ಎಂದವರು ಅಲ್ಲಿಗೇ ನಿಲ್ಲಿಸಿದರು. ಇಲ್ಲಿ ಪಾಲು ಮಾಡಲು ಆಗುವಂತಿರಲಿಲ್ಲ. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಮೂರು ಸಲ ಕಂಚಿ ಗೆದ್ದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇದು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಒಡಹುಟ್ಟಿದ ಅಕ್ಕತಂಗಿಯರು, ಒಬ್ಬನೇ ಗಂಡ.

ಅಮ್ಮಾರು ಎರಡು ಗುಡಿಗಳನ್ನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರದ್ದು ದೊಡ್ಡದು?"

"ಅಕ್ಕಂದ್ರಿ. ತಂಗೀದು ಅದ ನಮೂನಿ, ಒಂದೀಟು ಸಣ್ಣದು."

"ಎಷ್ಟು ಸಣ್ಣದು? ಅಳತೆ ಇದೆಯಾ?" ಮೇಷ್ಟ್ರು ಹೆಜ್ಜೆ ಹಾಕಿ ಅಳೆಯಲು ಹೊರಟರು.

"ನೀವು ಅಳೀಬೇಕಾಗಿಲ್ಲ, ತಂಗಿ ಅವತ್ತೇ ಅಳೆದಿರ್ತಾಳೆ" ಎಂದರು ಅಮ್ಮಾರು. "ನನ್ನ ತಂಗಿ ನಮ್ಮ ಹಾಲನ್ನ ಟೇಪು ಹಿಡಿದು ಅಳ್ಕೊಂಡು ಹೋಗಿ ತನ್ನ ಮನೇಲಿ ಒಂದಡಿ ಜಾಸ್ತಿ ಕಟ್ಟಿಸಲಿಲ್ವೇ? ಈಕೆ ಪಾಪ, ಕಮ್ಮಿ ಕಟ್ಟಿಸಿದಾಳೆ. ಅಕ್ಕನೇ ಗಟ್ಟಿಗಿತ್ತಿ ಇರಬೇಕು."

ಸೀಟಿ ಮತ್ತೊಮ್ಮೆ ಕೇಳಿಸಿತು, ಹೊರಗೆ ಡ್ರೈವರು ಹಾರ್ನ್ ಒತ್ತಿದ. ಗೈಡು ಜೇಬಿನಿಂದ ಸಣ್ಣ ಡೈರಿ ತೆಗೆದರು. "ಅಮ್ಮಾರ, ಇದನ್ನ ಮುಂದಿನ ಪಾರ್ಟಿಗೆ ಹೇಳ್ಲೇನ್ರಿ?"

"ಹೇಳಪ್ಪ, ಅದಕ್ಕೇನು. ನನ್ನ ತಂಗಿ ಹೆಸರು ಮಾತ್ರ ಎತ್ತಬೇಡ."